ಎವೆ ಜನರ ಡೋಲು ಮತ್ತು ಕುಣಿತ: ಗಡಿನಾಡಿನ ಕಲಿಕೆಗಾರರಿಗೆ ಕೈಪಿಡಿ

ಕಾಸರಗೋಡಿನ ಉತ್ತರ ಭಾಗದಲ್ಲಿ ಬೆಳೆದವರ ಕಿವಿಗೆ ಚರ್ಮವಾದ್ಯದ ಪರಿಚಯ ಬಾಲ್ಯದಿಂದಲೇ ಆಗಿರುತ್ತದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯಿಂದ ಹಿಡಿದು ಬದಿಯಡ್ಕ, ಮುಳ್ಳೇರಿಯ, ಅಡೂರುಗಳವರೆಗೆ ಯಕ್ಷಗಾನದ ಚೆಂಡೆ ಮದ್ದಳೆಗಳು, ಭೂತಕೋಲದ ತೆಂಬರೆ, ತೆಯ್ಯದ ಚೆಂಡೆ, ಕೊರಗರ ಡೋಲು ಇವೆಲ್ಲ ಒಂದೇ ಸೀಮೆಯೊಳಗೆ ಕೇಳಸಿಗುತ್ತವೆ. ಹೀಗಾಗಿ ಪಶ್ಚಿಮ ಆಫ್ರಿಕದ ಎವೆ ಜನರ ಮೇಳವನ್ನು ಮೊಬೈಲಿನಲ್ಲಿ ಒಮ್ಮೆ ಕಂಡ ಇಲ್ಲಿನ ಚೆಂಡೆಗಾರರಿಗೆ ಅದನ್ನು ತಾವೂ ಕಲಿಯಬೇಕೆಂಬ ಆಸೆ ಹುಟ್ಟುವುದು ಸಹಜ. ಯಕ್ಷಗಾನದ ಹಿಮ್ಮೇಳದಲ್ಲಿ ಕುಳಿತು ಅಭ್ಯಾಸವಿರುವ, ಆಮೇಲೆ ಎವೆ ಗುರುಗಳಲ್ಲಿ ಪಾಠ ಮಾಡಿಸಿಕೊಂಡ ಒಬ್ಬನಾಗಿ, ಅಂಥ ಆಸೆಯುಳ್ಳವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೊದಲಿಗೇ ಹೇಳಬೇಕಾದ ಒಂದು ಮಾತಿದೆ. ನಮ್ಮ ಕೈಯಲ್ಲಿ ಈಗಾಗಲೇ ಕುಳಿತಿರುವ ಪಾಠ ಇಲ್ಲಿ ನೆರವಿಗೆ ಬರುವ ಮುನ್ನ ತೊಡಕಾಗಿ ಬರುತ್ತದೆ. ಚೆಂಡೆ ಬಲ್ಲವರು ನೇರವಾಗಿ ದೊಡ್ಡ ಡೋಲಿಗೆ ಕೈಚಾಚುತ್ತಾರೆ; ಎವೆ ಗುರುಗಳು ಮೊದಲು ಕೈಗೆ ಕಬ್ಬಿಣದ ಗಂಟೆ, ಕಾಲಿಗೆ ಹೆಜ್ಜೆ, ಬಾಯಿಗೆ ಹಾಡು ಕೊಟ್ಟು, ಡೋಲನ್ನು ಬಹಳ ತಡವಾಗಿ ಕೊಡುತ್ತಾರೆ. ಈ ಕ್ರಮವನ್ನು ಮನಸಾರೆ ಒಪ್ಪಿಕೊಳ್ಳುವುದೇ ಕಲಿಕೆಯ ಅರ್ಧ ಭಾಗವೆಂದು ನಾನು ತಿಳಿದಿದ್ದೇನೆ.

ಮೇಳದ ಪರಿಚಯ

ಎವೆ ಜನರು ಘಾನಾ ದೇಶದ ಆಗ್ನೇಯ ಭಾಗದಲ್ಲಿರುವ ವೋಲ್ಟಾ ಸೀಮೆಯಲ್ಲಿ, ಪಕ್ಕದ ಟೋಗೋದ ದಕ್ಷಿಣದಲ್ಲಿ ಮತ್ತು ಬೆನಿನ್‌ನ ಕೆಲವೆಡೆ ವಾಸಿಸುತ್ತಾರೆ. ಅವರೂ ಗಡಿನಾಡಿನವರು ಎಂಬುದನ್ನು ನಾವು ಗಮನಿಸಬೇಕು. ಜರ್ಮನಿಯ ಕೈಯಲ್ಲಿದ್ದ ಟೋಗೋಲ್ಯಾಂಡನ್ನು ಮೊದಲ ಮಹಾಯುದ್ಧದ ಬಳಿಕ ಬ್ರಿಟನ್ ಮತ್ತು ಫ್ರಾನ್ಸ್ ಹಂಚಿಕೊಂಡವು; ಬ್ರಿಟಿಷ್ ಭಾಗವು 1956ರ ಮೇ ತಿಂಗಳಿನಲ್ಲಿ ನಡೆದ ಜನಮತದ ಬಳಿಕ ಇಂದಿನ ಘಾನಾದೊಳಗೆ ಸೇರಿತು, ಫ್ರೆಂಚ್ ಭಾಗ ಟೋಗೋ ದೇಶವಾಯಿತು. ಅದೇ ವರ್ಷದ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದನ್ನು ಬಲ್ಲ ನಮಗೆ, ಒಂದೇ ಭಾಷೆಯ ಜನ ಎರಡು ಆಡಳಿತಗಳಲ್ಲಿ ಬಾಳುವುದು ಹೇಗಿರುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಲಿಕೆಗಾರರಿಗೆ ಇದರ ನೇರ ಪರಿಣಾಮವೆಂದರೆ, ಘಾನಾ ಕಡೆಯ ಗುರುಗಳು ಎವೆಯೊಂದಿಗೆ ಇಂಗ್ಲಿಷ್ ಆಡುತ್ತಾರೆ, ಟೋಗೋ ಕಡೆಯವರು ಎವೆಯೊಂದಿಗೆ ಫ್ರೆಂಚ್ ಆಡುತ್ತಾರೆ. ನಮ್ಮಲ್ಲಿ ಹೆಚ್ಚಿನವರಿಗೆ ಘಾನಾದ ಗುರುಗಳೇ ಅನುಕೂಲ. ಅವರಲ್ಲಿಯೂ ಕಡಲ ತೀರದ ಆನ್ಲೊ ಎಂಬ ಎವೆ ಪಂಗಡದ ಊರುಗಳಾದ ಆನ್ಲೊಗಾ, ಕೇಟಾ, ಆನ್ಯಾಕೊ, ಅಫಿಯಾಡೆನ್ಯಿಗ್ಬಾ, ಕೊಪೆಯಿಯಾಗಳಿಂದ ಬಂದವರು ಹೊರದೇಶಗಳಲ್ಲಿ ಹೆಚ್ಚು ಕಲಿಸಿದ್ದಾರೆ.

ಅವರ ಮೇಳದಲ್ಲಿ ಗಾಂಕೋಗ್ವಿ ಎಂಬ ಜೋಡಿ ಗಂಟೆ ಇರುತ್ತದೆ. ಒಂದೇ ಹಿಡಿಗೆ ದೊಡ್ಡದೂ ಸಣ್ಣದೂ ಆದ ಎರಡು ಕಬ್ಬಿಣದ ಬಾಯಿಗಳನ್ನು ಬೆಸೆದಿರುತ್ತಾರೆ, ಕಡ್ಡಿಯಿಂದ ಬಾರಿಸುತ್ತಾರೆ. ಅಹಾತ್ಸೆ ಎಂಬುದು ಒಣಗಿದ ಬುರುಡೆಯ ಹೊರಮೈಗೆ ಮಣಿಗಳ ಬಲೆ ಹೆಣೆದ ವಾದ್ಯ. ಡೋಲುಗಳಲ್ಲಿ ಅತಿ ಸಣ್ಣದು ಕಗಾನು, ಅದಕ್ಕಿಂತ ದೊಡ್ಡದು ಕಿಡಿ, ಅದಕ್ಕಿಂತ ದೊಡ್ಡದು ಸೊಗೊ, ಎಲ್ಲಕ್ಕಿಂತ ಎತ್ತರವಾದದ್ದು ಆತ್ಸಿಮೆವು. ಈ ಆತ್ಸಿಮೆವು ಸುಮಾರು ನಾಲ್ಕೂವರೆ ಅಡಿ ಉದ್ದವಿದ್ದು, ಮರದ ಆಸರೆಗೆ ಓರೆಯಾಗಿ ಒರಗಿಸಿ, ಪಕ್ಕದಲ್ಲಿ ನಿಂತು ಬಾರಿಸಬೇಕಾದ ವಾದ್ಯ. ಇಂದಿನ ಡೋಲುಗಳನ್ನು ಹೆಚ್ಚಾಗಿ ಮರದ ಪಟ್ಟಿಗಳನ್ನು ಕಬ್ಬಿಣದ ಬಳೆಗಳಿಂದ ಬಿಗಿದು ಪೀಪಾಯಿಯಂತೆ ಕಟ್ಟುತ್ತಾರೆ, ಚರ್ಮವನ್ನು ಮರದ ಗೂಟಗಳಿಂದ ಬಿಗಿಯುತ್ತಾರೆ. ಕೆಲವು ಕುಣಿತಗಳಿಗೆ ಕ್ರೊಬೊಟೊ, ಟೊಟೊಜಿ ಎಂಬ ಗಿಡ್ಡ ಡೋಲುಗಳೂ ಸೇರುತ್ತವೆ. ಮುಖ್ಯ ಡೋಲನ್ನು ನುಡಿಸಿ ಮೇಳವನ್ನು ನಡೆಸುವವರಿಗೆ ಅಜಾಗುನೊ ಎನ್ನುತ್ತಾರೆ; ನಮ್ಮ ಯಕ್ಷಗಾನದಲ್ಲಿ ಹಾಡಿ ಆಟ ನಡೆಸುವ ಭಾಗವತರಿಗೆ ಇರುವ ಅಧಿಕಾರದ ದೊಡ್ಡ ಪಾಲು ಅಲ್ಲಿ ಇವರ ಕೈಯಲ್ಲಿದೆ.

ಗುರುವನ್ನು ಹುಡುಕುವುದು

ಎವೆ ಗುರುಗಳು ಹೊರಗಿನವರಿಗೆ ಕಲಿಸುವ ಪದ್ಧತಿಗೆ ಈಗ ಅರ್ಧ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಲಾಜೆಕ್ಪೊ ಮನೆತನದ ಕೋಬ್ಲಾ ಮತ್ತು ಸಿ. ಕೆ. ಅವರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಗಿಡಿಯಾನ್ ಅಲೊರ್ವೊಯಿ ಅವರು ಉತ್ತರ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ಕಲಿಸಿದವರು. ಗಾಡ್ವಿನ್ ಅಗ್ಬೆಲಿ ಅವರು ತಮ್ಮ ಊರಾದ ಕೊಪೆಯಿಯಾದಲ್ಲಿ 1982ರಲ್ಲಿ ಡಾಗ್ಬೆ ಎಂಬ ಸಾಂಸ್ಕೃತಿಕ ಕೇಂದ್ರವನ್ನು ಕಟ್ಟಿ, ವಿದೇಶಿ ಕಲಿಕೆಗಾರರು ಅಲ್ಲಿಯೇ ಉಳಿದು ಕಲಿಯುವ ದಾರಿಯನ್ನು ತೆರೆದರು. ರಾಜಧಾನಿ ಅಕ್ರಾದ ಬಳಿಯ ಲೆಗಾನ್‌ನಲ್ಲಿರುವ ಘಾನಾ ವಿಶ್ವವಿದ್ಯಾಲಯವೂ, 1962ರಲ್ಲಿ ಸ್ಥಾಪನೆಯಾದ ಘಾನಾ ಡಾನ್ಸ್ ಆನ್ಸಾಂಬಲ್ ಎಂಬ ರಾಷ್ಟ್ರೀಯ ತಂಡವೂ ಈ ಪರಂಪರೆಯ ಕಲಾವಿದರಿಗೆ ನೆಲೆಯಾಗಿವೆ.

ನಮ್ಮಲ್ಲಿ ಕುಳಿತು ಆರಂಭಿಸುವವರಿಗೆ ಸುಲಭದ ದಾರಿ ವೀಡಿಯೊ ಕರೆಯ ಮೂಲಕ ಪಾಠ. ಘಾನಾದ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿದೆ. ಇಲ್ಲಿ ರಾತ್ರಿ ಎಂಟೂವರೆಯಾದಾಗ ಅಲ್ಲಿ ಮಧ್ಯಾಹ್ನ ಮೂರು. ಗುರುವನ್ನು ಆರಿಸುವಾಗ ಅವರ ವೇಗವನ್ನೂ ಕೈಚಳಕವನ್ನೂ ನೋಡಿ ಮರುಳಾಗಬಾರದು. ಅವರು ಯಾವ ಊರಿನವರು, ಯಾರಲ್ಲಿ ಕಲಿತವರು, ಹಾಡನ್ನೂ ಕುಣಿತವನ್ನೂ ಜೊತೆಗೆ ಕಲಿಸುತ್ತಾರೆಯೇ, ತಮ್ಮ ಊರಿನ ಹಬ್ಬಕ್ಕೋ ಅಂತ್ಯಕ್ರಿಯೆಗೋ ನುಡಿಸುವ ಮೇಳದಲ್ಲಿ ಇದ್ದವರೇ ಎಂದು ವಿನಯದಿಂದ ಕೇಳಿ ತಿಳಿಯಬೇಕು. ಪ್ರವಾಸಿಗರಿಗಾಗಿ ಹತ್ತು ಹಲವು ಜನಾಂಗಗಳ ತಾಳಗಳನ್ನು ಬೆರೆಸಿ ಅರ್ಧ ದಿನದಲ್ಲಿ ಕಲಿಸುವ ಶಿಬಿರಗಳೂ ಇವೆ. ಅವುಗಳಿಂದ ಉತ್ಸಾಹ ಸಿಕ್ಕೀತು, ವಿದ್ಯೆ ಸಿಗದು. ಹಾಗೆಯೇ ಜೆಂಬೆ ಎಂಬ ಡೋಲು ಕಲಿಸುವವರೆಲ್ಲ ಎವೆ ಗುರುಗಳಲ್ಲ. ಜೆಂಬೆಯು ಮಾಲಿ, ಗಿನಿ ಕಡೆಯ ಮಾಂಡೆ ಜನರ ವಾದ್ಯವಾಗಿದ್ದು, ಅದರ ಪರಂಪರೆಯೇ ಬೇರೆ.

ಸಂಭಾವನೆಯ ವಿಷಯವನ್ನು ಮೊದಲ ಮಾತುಕತೆಯಲ್ಲಿಯೇ ಸ್ಪಷ್ಟಪಡಿಸಿಕೊಳ್ಳಬೇಕು. ಹಣ ಕಳಿಸುವ ಮಾರ್ಗ, ಪಾಠದ ಅವಧಿ, ಪಾಠವನ್ನು ಧ್ವನಿಮುದ್ರಣ ಮಾಡಿಕೊಳ್ಳಲು ಅನುಮತಿ ಇದೆಯೇ ಎಂಬಿವನ್ನೂ ಆಗಲೇ ಕೇಳಬೇಕು. ಚೌಕಾಸಿ ಮಾಡಿ ವಿದ್ಯೆಯ ಬೆಲೆ ಇಳಿಸುವುದು ನಮ್ಮ ಗುರುಗಳ ಮುಂದೆ ಹೇಗೆ ಸಲ್ಲದೋ ಅಲ್ಲಿಯೂ ಸಲ್ಲದು.

ಯಕ್ಷಗಾನದ ಹಿಮ್ಮೇಳದವರಿಗೆ ಕಲಿಕೆಗೆ ತಕ್ಕ ಕಾಲವೆಂದರೆ ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯ ಬಳಿಕ ಮೇಳಗಳ ತಿರುಗಾಟ ನಿಂತು, ಮುಂದಿನ ತಿರುಗಾಟ ಆರಂಭವಾಗುವವರೆಗಿನ ಮಳೆಗಾಲ. ಆಗ ರಾತ್ರಿಗಳು ಬಿಡುವಾಗಿರುತ್ತವೆ. ಒಬ್ಬರೇ ಕಲಿಯುವುದಕ್ಕಿಂತ ಆರೇಳು ಮಂದಿ ಕೂಡಿ ಒಂದು ಗುಂಪು ಮಾಡಿಕೊಳ್ಳುವುದು ಎಷ್ಟೋ ಮೇಲು, ಏಕೆಂದರೆ ಈ ಸಂಗೀತದಲ್ಲಿ ಒಂದು ಡೋಲಿನ ಪಾಠವು ಇನ್ನೊಂದರ ಜೊತೆ ಕೂಡಿದಾಗ ಮಾತ್ರ ಅರ್ಥವಾಗುತ್ತದೆ.

ಗಂಟೆಯೇ ಮೊದಲ ಪಾಠ

ಆರಂಭಕ್ಕೆ ಅಗ್ಬಾದ್ಜಾ ಎಂಬ ಕುಣಿತವನ್ನು ಕಲಿಸುವಂತೆ ಗುರುಗಳನ್ನು ಕೇಳುವುದು ಒಳ್ಳೆಯದು. ಹಳೆಯ ಯುದ್ಧದ ಕುಣಿತವೊಂದರಿಂದ ಬೆಳೆದುಬಂದು, ಇಂದು ಹಬ್ಬ, ಮದುವೆ, ಅಂತ್ಯಕ್ರಿಯೆ ಎಲ್ಲೆಡೆ ಎಲ್ಲ ವಯಸ್ಸಿನವರೂ ಕುಣಿಯುವ ಸಾಮಾಜಿಕ ನೃತ್ಯ ಇದು. ಇದರ ಗಂಟೆಯ ಪಾಠವು 12 ಮಾತ್ರೆಗಳ, ಅಂದರೆ ಸಮಾನ ಎಣಿಕೆಗಳ, ಒಂದು ಆವರ್ತದಲ್ಲಿ (ಸುತ್ತಿನಲ್ಲಿ) 7 ಪೆಟ್ಟುಗಳನ್ನು ಹೊಂದಿದೆ. ಮಾತ್ರೆಗಳನ್ನು 1ರಿಂದ 12ರವರೆಗೆ ಎಣಿಸಿದರೆ ಪೆಟ್ಟುಗಳು 1, 3, 5, 6, 8, 10 ಮತ್ತು 12ರ ಮೇಲೆ ಬೀಳುತ್ತವೆ. ಮೊದಲ ಪೆಟ್ಟನ್ನು ದೊಡ್ಡ ಬಾಯಿಯ ಮೇಲೂ ಉಳಿದವನ್ನು ಸಣ್ಣ ಬಾಯಿಯ ಮೇಲೂ ಬಾರಿಸುತ್ತಾರೆ. ಕುಣಿಯುವವರ ಕಾಲು ಮಾತ್ರ 1, 4, 7, 10 ಎಂಬ ನಾಲ್ಕು ಸಮಾನ ಘಾತಗಳ ಮೇಲೆ ನಡೆಯುತ್ತದೆ. ಇವೆರಡನ್ನೂ ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿದರೆ, ಗಂಟೆಯೂ ಕಾಲೂ ಕೂಡುವುದು 1 ಮತ್ತು 10ರಲ್ಲಿ ಮಾತ್ರವೆಂದು ತಿಳಿಯುತ್ತದೆ. ಉಳಿದ ಐದು ಪೆಟ್ಟುಗಳು ಹೆಜ್ಜೆಗಳ ನಡುವಿನ ಜಾಗದಲ್ಲಿ ಬೀಳುತ್ತವೆ. ಈ ಸಂಗೀತದ ಸೊಗಸೂ ಕಷ್ಟವೂ ಇದೇ.

ನಮ್ಮವರಿಗೆ ಒಂದು ಉಪಾಯವಿದೆ. ‘ತಕಿಟ’ ಎಂಬುದನ್ನು ನಾಲ್ಕು ಸಲ ಸಮವಾಗಿ ಬಾಯಲ್ಲಿ ಹೇಳುತ್ತ, ಪ್ರತಿಯೊಂದು ‘ತ’ಕ್ಕೂ ಒಂದು ಹೆಜ್ಜೆ ಇಡಬೇಕು. ಆಗ ಗಂಟೆಯ ಪೆಟ್ಟುಗಳು ಮೊದಲ ತಕಿಟದ ‘ತ’ ಮತ್ತು ‘ಟ’, ಎರಡನೆಯದರ ‘ಕಿ’ ಮತ್ತು ‘ಟ’, ಮೂರನೆಯದರ ‘ಕಿ’ ಮಾತ್ರ, ನಾಲ್ಕನೆಯದರ ‘ತ’ ಮತ್ತು ‘ಟ’ ಹೀಗೆ ಬರುತ್ತವೆ. ಮೊದಲು ಕೈಚಪ್ಪಾಳೆಯಲ್ಲಿ, ಬಹಳ ನಿಧಾನದಲ್ಲಿ, ಕಾಲು ತಪ್ಪದಂತೆ ಇದನ್ನು ಸಾಧಿಸಬೇಕು. ಕಾಲು ನಿಂತರೆ ಚಪ್ಪಾಳೆ ಸರಿಯಿದ್ದರೂ ಪಾಠ ಸರಿಯಿಲ್ಲವೆಂದೇ ತಿಳಿಯಬೇಕು. ಕೆಲವು ದಿನಗಳ ಬಳಿಕ ‘ತಕಿಟ’ವನ್ನು ಬಾಯಿಂದ ಬಿಟ್ಟುಬಿಡಬೇಕು. ಅದು ನದಿ ದಾಟಲು ಹತ್ತಿದ ದೋಣಿಯಷ್ಟೇ. ದಡ ಸೇರಿದ ಮೇಲೆ ಪೆಟ್ಟುಗಳಿಗೆ ಗುರುಗಳು ಕೊಡುವ ಅವರದೇ ಸೊಲ್ಲುಗಳು (ಬಾಯಿನುಡಿಗಳು) ಬಾಯಲ್ಲಿ ಇರಬೇಕು.

ಚೆಂಡೆ ಮದ್ದಳೆ ಬಲ್ಲವರಿಗೆ ಇಲ್ಲಿ ಎರಡು ತೊಡಕುಗಳು ಬರುತ್ತವೆ. ಒಂದನೆಯದು, ಏಕತಾಳ, ರೂಪಕ, ಝಂಪೆ, ತ್ರಿವುಡೆಗಳಲ್ಲಿ ಪಳಗಿದ ಮನಸ್ಸು ಪ್ರತಿ ಆವರ್ತದ ಕೊನೆಯಲ್ಲಿ ಮುಕ್ತಾಯವನ್ನು ಬಯಸುತ್ತದೆ, ಮೊದಲ ಪೆಟ್ಟಿಗೆ ಒತ್ತು ಕೊಡುತ್ತದೆ. ಗಂಟೆಯವರು ಹಾಗೆ ಒತ್ತು ಕೊಟ್ಟರೆ ಇಡೀ ಮೇಳ ಭಾರವಾಗುತ್ತದೆ. ಅವರ ಪೆಟ್ಟುಗಳು ಏರಿಳಿತವಿಲ್ಲದೆ ಗಂಟೆಗಟ್ಟಲೆ ಒಂದೇ ಹದದಲ್ಲಿ ನಡೆಯಬೇಕು. ಎರಡನೆಯದು, ಭಾಗವತರ ಜಾಗಟೆಯನ್ನು ಅನುಸರಿಸಿ ನುಡಿಸುವುದು ನಮಗೆ ರೂಢಿ. ಅಲ್ಲಿ ಗಂಟೆಯನ್ನು ಅನುಸರಿಸುವುದು ಮುಖ್ಯ ಡೋಲಿನವರೂ ಸೇರಿದಂತೆ ಎಲ್ಲರ ಕರ್ತವ್ಯ, ಗಂಟೆಯವರು ಮಾತ್ರ ಯಾರನ್ನೂ ಅನುಸರಿಸಬಾರದು. ಹೀಗಾಗಿ ಗುಂಪಿನಲ್ಲಿ ಹೊಸಬರಿಗೆ ಗಂಟೆ ಕೊಟ್ಟು ಕೂರಿಸಿದರೆ ಮುಗಿಯಿತೆಂದು ಭಾವಿಸಬೇಡಿ. ಅತಿ ಗಟ್ಟಿಯಾದ ಲಯದವರಿಗೆ ಅದನ್ನು ಕೊಡಿ, ಸರದಿಯಲ್ಲಿ ಎಲ್ಲರೂ ಅದನ್ನು ಹಿಡಿಯಲಿ.

ಗಂಟೆ ಕೂತ ಮೇಲೆ ಅಹಾತ್ಸೆಯನ್ನು ಹಿಡಿಯಬೇಕು. ಕುಳಿತು ಬಲಗೈಯಲ್ಲಿ ಅದನ್ನು ತೊಡೆಯ ಮೇಲೆ ಕೆಳಮುಖವಾಗಿಯೂ ಎಡ ಅಂಗೈಗೆ ಮೇಲ್ಮುಖವಾಗಿಯೂ ಬಡಿಯುತ್ತಾರೆ. ಕೆಳಗಿನ ಪೆಟ್ಟುಗಳು ಗಂಟೆಯ ಜೊತೆಗೂ ಮೇಲಿನವು ಅದರ ನಡುವಿನ ಖಾಲಿ ಜಾಗಗಳಿಗೂ ಹೊಂದುತ್ತವೆ. ಬಾಯಲ್ಲಿ ‘ಪ’ ಮತ್ತು ‘ತಿ’ ಎಂದು ಹೇಳುತ್ತ ಕಲಿಸುವುದು ವಾಡಿಕೆ.

ಡೋಲುಗಳಿಗೆ ಬಂದಾಗ

ಮೊದಲ ಡೋಲು ಕಗಾನು. ಅಗ್ಬಾದ್ಜಾದಲ್ಲಿ ಅದರ ಪಾಠ ಕೇಳಲು ಅತಿ ಸರಳ: ಪ್ರತಿ ತಕಿಟದಲ್ಲಿ ‘ತ’ವನ್ನು ಬಿಟ್ಟು ‘ಕಿಟ’ ಮಾತ್ರ ನುಡಿಸಬೇಕು, ಅಂದರೆ 2-3, 5-6, 8-9, 11-12ರ ಮಾತ್ರೆಗಳಲ್ಲಿ. ಘಾತ ಬೀಳುವ ಜಾಗದಲ್ಲಿಯೇ ಮೌನವಾಗಿರಬೇಕಾದ ಕಾರಣ, ಸ್ವಲ್ಪ ಹೊತ್ತಿನಲ್ಲಿ ನುಡಿಸುವವರಿಗೆ ತಮ್ಮ ಮೊದಲ ಪೆಟ್ಟೇ ಘಾತವೆಂಬ ಭ್ರಮೆ ಹುಟ್ಟಿ, ಇಡೀ ಪಾಠ ಒಂದು ಮಾತ್ರೆ ಸರಿದುಹೋಗುತ್ತದೆ. ಇದಕ್ಕೆ ಮದ್ದು ಕುಳಿತಲ್ಲಿಯೇ ಹಿಮ್ಮಡಿಯಿಂದ ಘಾತವನ್ನು ತುಳಿಯುತ್ತಿರುವುದು. ಗುಂಪಿನ ಉಳಿದವರು ಅವರ ಮುಂದೆ ನಿಂತು ಕುಣಿಯುವುದು ಅದಕ್ಕಿಂತಲೂ ಒಳ್ಳೆಯದು.

ಕಿಡಿಯಲ್ಲಿ ಪೆಟ್ಟಿನ ಬಗೆ ಎರಡಾಗುತ್ತದೆ. ಕೋಲು ಚರ್ಮಕ್ಕೆ ತಾಗಿ ಕೂಡಲೇ ಪುಟಿದರೆ ತೆರೆದ ನಾದ, ತಾಗಿದಲ್ಲಿಯೇ ಒತ್ತಿ ಹಿಡಿದರೆ ಮುಚ್ಚಿದ ನಾದ. ಅಗ್ಬಾದ್ಜಾದಲ್ಲಿ ಮೂರು ತೆರೆದವು, ಮೂರು ಒತ್ತಿದವು, ಹೀಗೆ ಪಾಠ ಸುತ್ತುತ್ತಲೇ ಇರುತ್ತದೆ. ಆ ಮೂರು ತೆರೆದ ಪೆಟ್ಟುಗಳು ಗಂಟೆಯ ಯಾವ ಜಾಗಕ್ಕೆ ಹೊಂದಬೇಕೆಂಬುದನ್ನು ಗುರುಗಳ ಎದುರಿನಲ್ಲಿಯೇ ಕಿವಿಯಿಂದ ಹಿಡಿಯಬೇಕು, ಕಾಗದದಿಂದ ಹಿಡಿಯಬಾರದು. ಒತ್ತಿದ ಪೆಟ್ಟನ್ನು ಅಲಕ್ಷಿಸುವುದು ಚೆಂಡೆಯವರಲ್ಲಿ ನಾನು ಹೆಚ್ಚಾಗಿ ಕಂಡ ದೋಷ. ಚೆಂಡೆಯ ಕೋಲು ಸದಾ ಪುಟಿಯುವುದನ್ನೇ ಕಲಿತಿರುತ್ತದೆ, ನಮ್ಮ ಮಣಿಕಟ್ಟು ಉರುಳಿಕೆಯ ಕಡೆಗೆ ಓಡುತ್ತದೆ. ಮದ್ದಳೆ ಬಲ್ಲವರಿಗೆ ಮುಚ್ಚಿದ ನಾದದ ಬೆಲೆ ಮೊದಲೇ ತಿಳಿದಿರುವುದರಿಂದ ಅವರು ಕಿಡಿಯನ್ನು ಬೇಗ ಹಿಡಿಯುತ್ತಾರೆ.

ಸೊಗೊ ಮತ್ತು ಆತ್ಸಿಮೆವುಗಳ ಪಾಠ ಬೇರೆಯೇ ಮಟ್ಟದ್ದು. ಅಗ್ಬಾದ್ಜಾದಲ್ಲಿ ಸೊಗೊವೇ ಮುಖ್ಯ ಡೋಲಾಗಿ ಕೈಗಳಿಂದ ನುಡಿಯುವುದುಂಟು. ಅಗ್ಬೆಕೊ ಎಂಬ ಯುದ್ಧ ನೃತ್ಯದಲ್ಲಿ ಆತ್ಸಿಮೆವು ಮುಖ್ಯ ಡೋಲಾಗಿ, ಕುಣಿಯುವವರಿಗೆ ಪ್ರತಿಯೊಂದು ವರಸೆಯನ್ನೂ ಕರೆದು ಹೇಳುತ್ತದೆ, ಕಿಡಿ ಮತ್ತು ಸೊಗೊ ಅದಕ್ಕೆ ಉತ್ತರಿಸುತ್ತವೆ. ಎವೆ ಭಾಷೆಯಲ್ಲಿ ಸ್ವರದ ಏರಿಳಿತ ಬದಲಾದರೆ ಪದದ ಅರ್ಥವೇ ಬದಲಾಗುವುದರಿಂದ, ಡೋಲಿನ ಎತ್ತರ ತಗ್ಗಿನ ನಾದಗಳು ನಿಜವಾದ ಮಾತುಗಳನ್ನು ಆಡಬಲ್ಲವು. ಈ ಕಾರಣದಿಂದ ಗುರುಗಳು ಪ್ರತಿ ನುಡಿಗೂ ‘ಗ’, ‘ದೆ’, ‘ಗಿ’, ‘ತೊ’, ‘ತ್ಸಿ’ ಮುಂತಾದ ಸೊಲ್ಲುಗಳನ್ನು ಬಾಯಲ್ಲಿ ಹೇಳಿಕೊಡುತ್ತಾರೆ. ಬಾಯಿತಾಳದಲ್ಲಿ ಬೆಳೆದ ನಮಗೆ ಇದು ದೊಡ್ಡ ವರ. ಬಾಯಿಗೆ ಬಾರದ್ದು ಕೈಗೆ ಬಾರದೆಂಬುದನ್ನು ನಮ್ಮ ಮದ್ದಳೆ ಗುರುಗಳೂ ಹೇಳಿಕೊಟ್ಟಿದ್ದಾರೆ. ಸೊಲ್ಲಿನ ಹಿಂದೆ ಎವೆ ವಾಕ್ಯವೊಂದು ಇದ್ದರೆ ಅದನ್ನು ಕೇಳಿ, ಕನ್ನಡ ಲಿಪಿಯಲ್ಲಿ ಬರೆದು, ಅರ್ಥವನ್ನೂ ಪಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು.

ಪಾಠವನ್ನು ಸ್ವರಲಿಪಿಯಲ್ಲಿ ಬರೆಯುವ ಪ್ರಯತ್ನಗಳು ಹಳೆಯವು. ಎ. ಎಂ. ಜೋನ್ಸ್ ಎಂಬ ಇಂಗ್ಲಿಷ್ ಪಾದ್ರಿಯು ಡೆಸ್ಮಂಡ್ ಟೇ ಎಂಬ ಎವೆ ವಾದಕರನ್ನು ಕೂರಿಸಿ, ಪೆಟ್ಟುಗಳನ್ನು ಕಾಗದದ ಮೇಲೆ ಗುರುತಿಸುವ ಯಂತ್ರವನ್ನೇ ಮಾಡಿಸಿ, 1959ರಲ್ಲಿ ದೊಡ್ಡ ಅಧ್ಯಯನವನ್ನು ಪ್ರಕಟಿಸಿದರು. ಪ್ರತಿ ಡೋಲಿಗೂ ಬೇರೆ ಬೇರೆ ಗೆರೆ ಎಳೆದು ತಾಳ ವಿಭಾಗಿಸಿದ ಅವರ ಕ್ರಮವನ್ನು ಮುಂದಿನ ವಿದ್ವಾಂಸರು ಹಲವರು ಒಪ್ಪಲಿಲ್ಲ. ಕುಣಿಯುವವರ ಹೆಜ್ಜೆಯೆಂಬ ಒಂದೇ ಆಧಾರ ಎಲ್ಲ ಡೋಲುಗಳಿಗೂ ಇದೆಯೆಂದು ಈ ವಿದ್ವಾಂಸರು ತೋರಿಸಿದರು. ನೆನಪಿಗಾಗಿ ಬರೆದುಕೊಳ್ಳುವುದು ಸರಿ, ಬರೆದದ್ದನ್ನು ನೋಡಿ ನುಡಿಸುವುದು ಸರಿಯಲ್ಲ.

12 ಮಾತ್ರೆಯ ಅಗ್ಬಾದ್ಜಾ ಗಟ್ಟಿಯಾದ ಬಳಿಕ ಗಾಹುವನ್ನು ಕಲಿಯಬಹುದು. ಇದು ಬೆನಿನ್ ಮತ್ತು ನೈಜೀರಿಯಾ ಕಡೆಯಿಂದ ಬಂದು 20ನೇ ಶತಮಾನದ ಮಧ್ಯದಲ್ಲಿ ಆನ್ಲೊ ಊರುಗಳಲ್ಲಿ ನೆಲೆಯೂರಿದ ವಿನೋದದ ಕುಣಿತ. ಇದರ ಗಂಟೆ 16 ಮಾತ್ರೆಗಳಲ್ಲಿ 1, 4, 7, 11, 15ರ ಮೇಲೆ ಐದು ಪೆಟ್ಟುಗಳನ್ನು ಹೊಂದಿದೆ. ‘ತಕಧಿಮಿ’ಯನ್ನು ನಾಲ್ಕು ಸಲ ಹೇಳಿದರೆ ಮೊದಲನೆಯದರ ‘ತ’ ಮತ್ತು ‘ಮಿ’, ಉಳಿದ ಮೂರರಲ್ಲಿ ತಲಾ ಒಂದು ‘ಧಿ’. ಅಗ್ಬೆಕೊವನ್ನು ಮಾತ್ರ ವರ್ಷಗಟ್ಟಲೆ ಮುಂದೂಡಿದರೂ ನಷ್ಟವಿಲ್ಲ; ಅದರ ನಿಧಾನ ಮತ್ತು ವೇಗದ ಭಾಗಗಳನ್ನು ಹೊಸಬರು ಅವಸರದಲ್ಲಿ ಮುಟ್ಟಬಾರದೆಂಬುದು ನನ್ನ ದೃಢ ಅಭಿಪ್ರಾಯ.

ವಾದ್ಯಗಳಿಲ್ಲದೆ ಆರಂಭಿಸುವುದು ಹೇಗೆಂಬ ಪ್ರಶ್ನೆ ಬರುತ್ತದೆ. ಗಂಟೆಯನ್ನು ಅಳತೆ ಮತ್ತು ಚಿತ್ರ ತೋರಿಸಿ ಊರಿನ ಕಮ್ಮಾರರಿಂದ ಮಾಡಿಸಬಹುದು, ಒಣಗಿದ ಸೋರೆಬುರುಡೆಗೆ ಮಣಿಗಳ ಬಲೆ ಹೆಣೆದು ಅಹಾತ್ಸೆ ಕಟ್ಟಬಹುದು. ಡೋಲು ಸಿಗುವವರೆಗೆ ದಪ್ಪ ರಬ್ಬರು ಹಾಸಿದ ಮಣೆಯ ಮೇಲೆ ಕೋಲಿನಿಂದ ಅಭ್ಯಾಸ ಮಾಡುವುದು ಒಳ್ಳೆಯದು. ಚೆಂಡೆಯ ಮೇಲೆ ಅಭ್ಯಾಸ ಬೇಡ, ಏಕೆಂದರೆ ಅದರ ಬಿಗಿ ಮತ್ತು ನಾದ ಕೈಯನ್ನು ಹಳೆಯ ದಾರಿಗೇ ಎಳೆಯುತ್ತವೆ. ನಿಜವಾದ ಡೋಲು ತರಿಸಿದವರು ನಮ್ಮ ಮಳೆಗಾಲದಲ್ಲಿ ಅದರ ಚರ್ಮವನ್ನು ಮದ್ದಳೆಯಷ್ಟೇ ಜೋಪಾನ ಮಾಡಬೇಕು, ಗೂಟಗಳನ್ನು ಬಡಿದು ಬಿಗಿಗೊಳಿಸುವ ಕ್ರಮವನ್ನು ಗುರುಗಳಿಂದಲೇ ಕಲಿಯಬೇಕು. ವೀಡಿಯೊ ಕರೆಯಲ್ಲಿ ಧ್ವನಿ ತಡವಾಗಿ ತಲುಪುವುದರಿಂದ ಗುರುಗಳೊಂದಿಗೆ ಕೂಡಿ ನುಡಿಸಲು ಆಗುವುದಿಲ್ಲ. ಅವರು ನುಡಿಸಿದ್ದನ್ನು ಕೇಳಿ, ಆಮೇಲೆ ನೀವು ನುಡಿಸಿ ತೋರಿಸಬೇಕು. ಕೂಡಿ ನುಡಿಸುವ ಅಭ್ಯಾಸಕ್ಕೆ ಅವರ ಅನುಮತಿ ಪಡೆದು ಧ್ವನಿಮುದ್ರಿಸಿಟ್ಟ ಪಾಠವನ್ನು ಬಳಸಬೇಕು.

ಹಾಡು ಮತ್ತು ಮೈ

ಹಾಡನ್ನು ಬಿಟ್ಟು ಡೋಲು ಕಲಿತವರು ಎವೆ ಜನರ ದೃಷ್ಟಿಯಲ್ಲಿ ಅರೆಬರೆ ಕಲಿತವರು. ಒಬ್ಬರು ಮುಂದಾಗಿ ಹಾಡಿದ್ದನ್ನು ಗುಂಪು ಎತ್ತಿಕೊಳ್ಳುವ ಕ್ರಮ ನಮಗೆ ಪರಿಚಿತವೇ. ನೇಜಿ (ಭತ್ತದ ಸಸಿ) ನೆಡುವಾಗ ಹೆಂಗಸರು ಪಾಡ್ದನವೆಂಬ ತುಳು ಹಾಡು ಹೇಳುತ್ತಿದ್ದುದು ಹೀಗೆಯೇ. ಮೇಳದ ನಡುವೆ ಡೋಲುಗಳನ್ನೆಲ್ಲ ನಿಲ್ಲಿಸಿ, ಗಂಟೆಯ ಆಸರೆಯಲ್ಲಿ ಹೊಸ ಹಾಡುಗಳನ್ನು ನಿಧಾನವಾಗಿ ಹಾಡುವ ಹತ್ಸಾತ್ಸಾ ಎಂಬ ಭಾಗವೊಂದು ಬರುತ್ತದೆ. ಹಾಡು ಕಲಿಯಲು ಅದಕ್ಕಿಂತ ಒಳ್ಳೆಯ ಅವಕಾಶವಿಲ್ಲ. ‘ಗ್ಬ’, ‘ಕ್ಪ’ ಎಂಬ ಧ್ವನಿಗಳಲ್ಲಿ ಎರಡು ವ್ಯಂಜನಗಳನ್ನೂ ಒಂದೇ ಕ್ಷಣದಲ್ಲಿ ಉಚ್ಚರಿಸಬೇಕು. ನಮ್ಮ ಒತ್ತಕ್ಷರದಂತೆ ಒಂದರ ಹಿಂದೆ ಒಂದನ್ನು ಹೇಳಿದರೆ ಅವರ ಕಿವಿಗೆ ಅದು ಬೇರೆಯಾಗಿ ಕೇಳುತ್ತದೆ. ಪ್ರತಿ ಹಾಡಿನ ಅರ್ಥವನ್ನೂ ಯಾವ ಸಂದರ್ಭಕ್ಕೆ ಸಲ್ಲುತ್ತದೆಂಬುದನ್ನೂ ಕೇಳಿ ತಿಳಿಯದೆ ಅದನ್ನು ಸಭೆಯಲ್ಲಿ ಹಾಡಬೇಡಿ. ಎಷ್ಟೋ ಹಾಡುಗಳು ಸಾವಿನ, ಶೋಕದ ಹಾಡುಗಳಾಗಿರುತ್ತವೆ.

ಅಗ್ಬಾದ್ಜಾ ಕುಣಿತದ ಜೀವ ಬೆನ್ನಿನಲ್ಲಿದೆ. ಮೊಣಕಾಲು ಸಡಿಲವಾಗಿ ಬಾಗಿ, ಸೊಂಟದಿಂದ ಮೈ ಸ್ವಲ್ಪ ಮುಂದಕ್ಕೆ ವಾಲಿ, ಮೊಣಕೈಗಳು ಮಡಚಿ, ಬೆನ್ನಿನ ಎರಡೂ ಹಲಗೆಗಳು ಕೂಡುತ್ತ ಅಗಲುತ್ತ ಘಾತಕ್ಕೆ ಹೊಂದಬೇಕು. ಯಕ್ಷಗಾನದ ಹೆಜ್ಜೆಗಾರಿಕೆಯಲ್ಲಿ ಮೈಯ ಮೇಲ್ಭಾಗವನ್ನು ನೆಟ್ಟಗೆ ಹಿಡಿದು ಕಾಲಿನಲ್ಲಿ ತಾಳವನ್ನು ಒಡೆಯಲು ಕಲಿತವರಿಗೆ ಇದು ಸುಲಭವಲ್ಲ. ನೆಲವನ್ನು ಗಟ್ಟಿಯಾಗಿ ತುಳಿಯುವ ರೂಢಿಯನ್ನೂ ಬಿಡಬೇಕು, ಪಾದ ಹಗುರಾಗಿ ನಡೆಯಬೇಕು. ಕನ್ನಡಿಯ ಮುಂದೆ ಅಭ್ಯಾಸ ಮಾಡುವುದಕ್ಕಿಂತ ಗುಂಪಿನ ಯಾರಾದರೂ ಬೆನ್ನ ಮೇಲೆ ಅಂಗೈಯಿಟ್ಟು ಚಲನೆಯನ್ನು ಪರೀಕ್ಷಿಸುವುದು ಹೆಚ್ಚು ಫಲ ಕೊಡುತ್ತದೆ. ಗಾಹುವಿನಲ್ಲಿ ಎಲ್ಲರೂ ವೃತ್ತವಾಗಿ ಅಪ್ರದಕ್ಷಿಣವಾಗಿ ಸಾಗುತ್ತಾರೆ, ಮುಖ್ಯ ಡೋಲಿನ ಕರೆ ಬಂದ ಕೂಡಲೇ ಹೆಜ್ಜೆ ಬದಲಾಗುತ್ತದೆ. ನೀವು ಡೋಲಿನವರಾಗಿಯೇ ಉಳಿಯಬೇಕೆಂದಿದ್ದರೂ ಕುಣಿತವನ್ನು ತಪ್ಪಿಸಿಕೊಳ್ಳಬಾರದು. ಕುಣಿಯುವ ಮೈಗೆ ಮುಂದಿನ ಹೆಜ್ಜೆ ಎಲ್ಲಿ ಬೇಕೆಂಬುದು ತಿಳಿಯದವರು ಆ ಹೆಜ್ಜೆಯನ್ನು ಕರೆಯಲಾರರು.

ಹೆಂಗಸರು ಹಾಡು, ಕುಣಿತ ಮತ್ತು ಅಹಾತ್ಸೆಗಳಲ್ಲಿ ಮುಂದಿದ್ದು, ಡೋಲು ಗಂಡಸರ ಪಾಲಿಗೆ ಎಂಬುದು ಅಲ್ಲಿನ ಹಳೆಯ ವಾಡಿಕೆ. ಹೊರಗಿನ ಕಲಿಕೆಗಾರ್ತಿಯರಿಗೆ ಗುರುಗಳು ಈಗ ಡೋಲನ್ನೂ ಕಲಿಸುತ್ತಾರೆ. ಯಕ್ಷಗಾನದ ಹಿಮ್ಮೇಳದಲ್ಲಿ ಹೆಣ್ಣುಮಕ್ಕಳು ಚೆಂಡೆ ಹಿಡಿಯುವುದನ್ನು ಕಂಡಿರುವ ನಮ್ಮೂರಿನಲ್ಲಿ ಈ ಗುಂಪುಗಳಿಗೆ ಅವರು ಧೈರ್ಯವಾಗಿ ಸೇರಬೇಕು.

ಘಾನಾಕ್ಕೆ ಹೊರಡುವವರಿಗೆ

ಮನೆಯಲ್ಲಿ ಕಲಿತದ್ದು ಒಂದು ಹದಕ್ಕೆ ಬಂದ ಮೇಲೆ ಗುರುಗಳ ಊರಿಗೆ ಹೋಗಿ ಕೆಲವು ವಾರ ಇರಲು ಸಾಧ್ಯವಾದರೆ ಅದಕ್ಕೆ ಸಮನಾದ ಪಾಠ ಬೇರಿಲ್ಲ. ಭಾರತೀಯರಿಗೆ ವೀಸಾ ಬೇಕು. ದೆಹಲಿಯಲ್ಲಿರುವ ಘಾನಾ ಹೈಕಮಿಷನ್ ಅದನ್ನು ನೋಡಿಕೊಳ್ಳುತ್ತದೆ. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಘಾನಾ ಪ್ರವೇಶಕ್ಕೂ ಬೇಕು, ಹಿಂದಿರುಗಿ ಭಾರತ ಪ್ರವೇಶಿಸುವಾಗಲೂ ಬೇಕು. ಲಸಿಕೆ ಹಾಕಿಸಿಕೊಂಡ 10 ದಿನಗಳ ಬಳಿಕವೇ ಅದು ಊರ್ಜಿತವಾಗುವುದರಿಂದ, ಸರ್ಕಾರದ ಅಧಿಕೃತ ಲಸಿಕಾ ಕೇಂದ್ರದಲ್ಲಿ ಮುಂಚಿತವಾಗಿಯೇ ಈ ಕೆಲಸವನ್ನು ಮುಗಿಸಬೇಕು. ಮಲೇರಿಯಾವನ್ನು ಹಗುರವಾಗಿ ಕಾಣಬೇಡಿ. ಅಮೆರಿಕದ ಸಂಗೀತ ಸಂಯೋಜಕ ಸ್ಟೀವ್ ರೈಶ್ ಅವರು 1970ರಲ್ಲಿ ಘಾನಾದಲ್ಲಿ ಅಲೊರ್ವೊಯಿ ಅವರಲ್ಲಿ ಕಲಿಯುತ್ತಿದ್ದಾಗ ಮಲೇರಿಯಾ ತಗುಲಿ, ಎಣಿಸಿದ್ದಕ್ಕಿಂತ ಮೊದಲೇ ಮರಳಬೇಕಾಯಿತು. ವೈದ್ಯರ ಸಲಹೆಯಂತೆ ಮುಂಜಾಗ್ರತೆಯ ಮಾತ್ರೆಗಳನ್ನು ತಪ್ಪದೆ ತೆಗೆದುಕೊಳ್ಳಿ, ಸೊಳ್ಳೆಪರದೆ ಒಯ್ಯಿರಿ.

ಮಂಗಳೂರು, ಕಣ್ಣೂರುಗಳಿಂದ ಹೊರಟವರು ದುಬೈ ಅಥವಾ ಅಡಿಸ್ ಅಬಾಬಾದಲ್ಲಿ ವಿಮಾನ ಬದಲಿಸಿ ಅಕ್ರಾ ತಲುಪಬಹುದು. ಅಲ್ಲಿಂದ ಪೂರ್ವಕ್ಕೆ, ಸೊಗಾಕೊಪೆಯಲ್ಲಿ ವೋಲ್ಟಾ ನದಿಯ ಸೇತುವೆ ದಾಟಿದರೆ ಆನ್ಲೊ ಸೀಮೆ ಹತ್ತಿರವಾಗುತ್ತದೆ. ನಮ್ಮ ಬಿಡುವಿನ ತಿಂಗಳುಗಳಲ್ಲಿ ಆಗಸ್ಟ್ ಒಳ್ಳೆಯದು, ದಕ್ಷಿಣ ಘಾನಾದಲ್ಲಿ ಆಗ ಮಳೆಗೆ ಸ್ವಲ್ಪ ವಿರಾಮವಿರುತ್ತದೆ. ನವೆಂಬರ್‌ನಲ್ಲಿ ಬಿಡುವು ಮಾಡಿಕೊಳ್ಳಬಲ್ಲವರು ಮೊದಲ ಶನಿವಾರ ಆನ್ಲೊಗಾದಲ್ಲಿ ನಡೆಯುವ ಹೊಗ್ಬೆಟ್ಸೊಟ್ಸೊ ಹಬ್ಬವನ್ನು ನೋಡಬೇಕು. ನೋಟ್ಸೆ ಎಂಬ ಕೋಟೆಯೂರಿನ ಕ್ರೂರ ಅರಸನಿಂದ ತಮ್ಮ ಹಿರಿಯರು ತಪ್ಪಿಸಿಕೊಂಡು ಬಂದುದನ್ನು ಎವೆ ಜನರು ಅಂದು ಸ್ಮರಿಸುತ್ತಾರೆ. ಅಕ್ರಾದಲ್ಲಿ ಮೇ-ಜೂನ್ ಹೊತ್ತಿಗೆ, ಅಲ್ಲಿನ ಗಾ ಎಂಬ ಜನರ ಹೊಮೊವೊ ಹಬ್ಬಕ್ಕೆ ಮುಂಚೆ, ಸುಮಾರು ಒಂದು ತಿಂಗಳು ಡೋಲು ಬಾರಿಸಲು ನಿಷೇಧವಿರುತ್ತದೆ. ನಗರದಲ್ಲಿ ಉಳಿದು ಕಲಿಯಬೇಕೆಂದವರು ಆ ಅವಧಿಯನ್ನು ಬಿಡಬೇಕು.

ನಡವಳಿಕೆಯಲ್ಲಿ ನಮಗೆ ಹೊಸತಾಗಿ ಕಲಿಯಬೇಕಾದದ್ದು ಕಡಿಮೆ. ಎಡಗೈಯಿಂದ ಕೊಡುವುದು ತೆಗೆದುಕೊಳ್ಳುವುದು ಅಲ್ಲಿಯೂ ಅವಮರ್ಯಾದೆ. ಮನೆಗೆ ಹೋದಾಗ ಮೊದಲು ಕುಶಲ, ಆಮೇಲೆ ಬಂದ ಕೆಲಸ. ಹಿರಿಯ ಗಂಡಸರನ್ನು ‘ಎಫೊ’ ಎಂದು, ಅಜ್ಜಂದಿರನ್ನೂ ಊರ ಮುಖ್ಯಸ್ಥರನ್ನೂ ‘ತೊಗ್ಬುಯಿ’ ಎಂದು ಕರೆಯುತ್ತಾರೆ, ಬರಿಯ ಹೆಸರು ಹಿಡಿದು ಕರೆಯಬೇಡಿ. ‘ವೊಯೆಜೊ’ ಎಂದು ಬರಮಾಡಿಕೊಂಡರೆ ‘ಯೋ’ ಎನ್ನಬೇಕು, ಕೃತಜ್ಞತೆಗೆ ‘ಅಕ್ಪೆ’ ಎನ್ನಬೇಕು. ಹುಟ್ಟಿದ ವಾರದಿಂದ ಹೆಸರಿಡುವ ರೂಢಿ ಅಲ್ಲಿರುವುದರಿಂದ ನೀವು ಯಾವ ವಾರ ಹುಟ್ಟಿದವರೆಂದು ತಿಳಿದುಕೊಂಡು ಹೋಗಿ. ಶುಕ್ರವಾರ ಹುಟ್ಟಿದ ಗಂಡು ಕೋಫಿ, ಸೋಮವಾರ ಹುಟ್ಟಿದ ಹೆಣ್ಣು ಅಜೊ ಆಗುತ್ತಾರೆ. ಪಾಠದ ಆರಂಭದಲ್ಲಿ ಹಿರಿಯರು ನೆಲಕ್ಕೆ ಮದ್ಯ ಎರೆದು ಪೂರ್ವಜರನ್ನು ಪ್ರಾರ್ಥಿಸುವುದುಂಟು. ಅದಕ್ಕೆ ಬೇಕಾದ ಬಾಟಲಿಯನ್ನು ಶಿಷ್ಯರೇ ಒಪ್ಪಿಸುವುದು ಸಂಪ್ರದಾಯ, ನೀವು ಕುಡಿಯದವರಾದರೆ ವಿನಯದಿಂದ ಹೇಳಿದರೆ ಯಾರೂ ಬೇಸರಿಸುವುದಿಲ್ಲ. ವಾರಾಂತ್ಯಗಳಲ್ಲಿ ನಡೆಯುವ ಅಂತ್ಯಕ್ರಿಯೆಗಳಲ್ಲಿ ಮೇಳದ ನಿಜವಾದ ಶಕ್ತಿ ಕಾಣುತ್ತದೆ. ಗುರುಗಳೊಂದಿಗೆ, ಅವರು ಹೇಳಿದ ಬಟ್ಟೆಯಲ್ಲಿ, ಕ್ಯಾಮೆರಾವನ್ನು ಚೀಲದೊಳಗಿಟ್ಟು ಹೋಗಿ.

ಕೆಲವು ಪಾಠಗಳನ್ನು ಕೇಳಲೇಬಾರದು. ಸಿಡಿಲಿನ ದೇವತೆಯ ಯೆವೆ ಆರಾಧನೆಯ ಸಂಗೀತ, ಅಫಾ ಎಂಬ ಶಕುನ ಪದ್ಧತಿಯ ಹಾಡುಗಳು ದೀಕ್ಷೆ ಪಡೆದವರ ಒಳಗಿನ ವಿಷಯಗಳು. ದೈವದ ಕಟ್ಟಳೆಯನ್ನು ಬಲ್ಲ ನಮ್ಮ ಊರಿನವರು ಇದನ್ನು ಬೇರೆ ಯಾರಿಗಿಂತಲೂ ಚೆನ್ನಾಗಿ ಅರಿಯಬಲ್ಲರು, ತೆಂಬರೆಯ ನುಡಿಯನ್ನು ಯಾರೋ ವೇದಿಕೆಗಾಗಿ ಕಲಿಸಿಕೊಡಿ ಎಂದರೆ ನಮಗೆ ಏನನ್ನಿಸುತ್ತದೆಯೋ ಅದೇ ಅವರಿಗೂ ಅನ್ನಿಸುತ್ತದೆ. ಗುರುಗಳು ತಾವಾಗಿ ಏನನ್ನಾದರೂ ಹೇಳಿಕೊಟ್ಟರೂ, ಅದನ್ನು ಹೊರಗೆ ನುಡಿಸಬಹುದೇ ಎಂದು ಕೇಳಿಯೇ ಮುಂದುವರಿಯಬೇಕು.

ಊರಿಗೆ ಮರಳಿ ಶಾಲೆಯ ವಾರ್ಷಿಕೋತ್ಸವದಲ್ಲಿಯೋ ಯಕ್ಷಗಾನ ಸಂಘದ ವೇದಿಕೆಯಲ್ಲಿಯೋ ಪ್ರದರ್ಶನ ಕೊಡುವಾಗ ಇದನ್ನು ‘ಆಫ್ರಿಕನ್ ನೃತ್ಯ’ ಎಂದು ಘೋಷಿಸಲು ಬಿಡಬೇಡಿ. ಕುಣಿತದ ಹೆಸರು, ಎವೆ ಜನರ ಹೆಸರು, ನಿಮ್ಮ ಗುರುಗಳ ಹೆಸರು ಮತ್ತು ಊರು ಇವನ್ನು ನಿರೂಪಕರಿಗೆ ಬರೆದುಕೊಟ್ಟು, ಉಚ್ಚಾರವನ್ನು ಹೇಳಿಸಿ ನೋಡಿ. ಮುಖಕ್ಕೆ ಕಪ್ಪು ಬಳಿದು ಎಲೆಯ ಸೊಂಟಪಟ್ಟಿ ಕಟ್ಟುವ ಸಲಹೆ ಯಾರಿಂದ ಬಂದರೂ ಖಂಡಿತವಾಗಿ ನಿರಾಕರಿಸಿ. ಉಡುಪು ಹೇಗಿರಬೇಕೆಂದು ಗುರುಗಳನ್ನೇ ಕೇಳಿ. ಪ್ರದರ್ಶನಕ್ಕೆ ಸಂಭಾವನೆ ಬಂದರೆ ಅದರ ಒಂದು ಪಾಲನ್ನು, ಮುದ್ರಿತ ವೀಡಿಯೊದ ಒಂದು ಪ್ರತಿಯೊಂದಿಗೆ, ಗುರುಗಳಿಗೆ ಕಳಿಸಿಕೊಡಿ. ಆ ವೀಡಿಯೊ ನೋಡಿ ಅವರು ಹೇಳುವ ತಿದ್ದುಪಡಿಗಳನ್ನು ಮುಂದಿನ ಮಳೆಗಾಲದ ಪಾಠಕ್ಕೆ ಬರೆದಿಟ್ಟುಕೊಳ್ಳಿ.